ಮಾಣಿ ಕೇಳಿದ ಮಾತು

ಚಿ. ಸೌ. ವೀಣಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದು ಬಿಡು. ಕಾಗದದ ಕೊನೆಗೆ, ಮಡಿಕೆಯ ಹತ್ತಿರ ಸಣ್ಣಕ್ಷರದಲ್ಲಿ ಬರೆದೆಯಲ್ಲ, ನಿನ್ನ ಮಗ, ನಮ್ಮ ಮಾಣಿ, ಮಲಗುವ ಹೊತ್ತಿಗೆ "ಆಯಿ, ಆನು ದಡ್ಡನಾ?" ಎಂದು ಕೇಳಿದ, ನಿನಗೆ ತಟ್ಟನೆ ಬಾಯಿ ಬರಲಿಲ್ಲ ಎಂದು. ಅದನ್ನು ಓದಿದ ಮೇಲೆ ಎರಡು ದಿನ ತೋಟಕ್ಕೆ ಇಳಿಯಲು ಮನಸ್ಸಾಗಲಿಲ್ಲ.

ಅವನು ದಡ್ಡನಲ್ಲ. ಚೌತಿಗೆ ಬಂದಾಗ ರಾತ್ರಿ ಯಕ್ಷಗಾನದ ಆಟ ನೋಡಿ ಬಂದವನು ಮರುದಿನ ಜಗಲಿಯಲ್ಲಿ ನಿಂತು ಭೀಮನ ಅರ್ಥ ಹೇಳಿದ್ದು ನೆನಪಿದೆಯೇ? ಅದೇ ಮಾಣಿ ಸಂಜೆ 'ಪುಸ್ತಕ' ಎಂದು ಓದುವಾಗ ಒತ್ತಕ್ಷರದ ಹತ್ತಿರ ನಿಂತುಬಿಟ್ಟ. ಬೆರಳು ಅಲ್ಲೇ, ಕಣ್ಣು ನನ್ನ ಮುಖದ ಮೇಲೆ. ಆ ನೋಟ ನಾನು ಮೊದಲೂ ಕಂಡದ್ದು.

ನಾನು ಮಾಸ್ತರಿಕೆಗೆ ಸೇರಿ ಆರೇಳು ವರ್ಷವಾಗಿತ್ತು. ನಾಲ್ಕನೇ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ, ನಿಮಗೆಲ್ಲ ಗೊತ್ತಿರುವವನೇ. ಓದು ಎಂದರೆ ಗಡಗಡ ಓದುತ್ತಿದ್ದ. ಒಂದು ದಿನ ಹತ್ತಿರ ಹೋಗಿ ನೋಡಿದರೆ ಪುಸ್ತಕದಲ್ಲಿ ತೆರೆದದ್ದು ಬೇರೆಯೇ ಪಾಠ! ಉಳಿದವರು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ಎಂಥ ನೆನಪು ಎಂದು ಬೆರಗಾಗಬೇಕಿತ್ತು. ನಾನು ಮೋಸ ಎಂದು ಹೊಡೆದೆ. ಪ್ರಗತಿಪತ್ರದಲ್ಲಿ 'ಮಂದಬುದ್ಧಿ' ಎಂದು ಶಾಯಿಯಲ್ಲಿ ಬರೆದೆ. ಅವನಿಗೆ ಓದಲು ಬರಲಿಲ್ಲ, ತಂಗಿಯ ಹತ್ತಿರ ಓದಿಸಿದ. ಆಮೇಲೆ ಶಾಲೆಗೆ ಬರಲಿಲ್ಲ.

ಆಗ ಯಾರಿಗೂ ಗೊತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿವೃತ್ತನಾದ ಮೇಲೆ ಓದಿದೆ: 1896ರಲ್ಲೇ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ಡಾಕ್ಟರು ಇಂಥ 14 ವರ್ಷದ ಹುಡುಗನ ಬಗ್ಗೆ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೇ ಇವನೇ ಜಾಣ ಎಂದು ಅವನ ಮಾಸ್ತರು ಹೇಳಿದ್ದರಂತೆ. ಆ ಮಾಸ್ತರಿಗೆ ಕಂಡದ್ದು ನನಗೆ ಕಾಣಲಿಲ್ಲ.

ನನ್ನ ಮಾತು ಎಷ್ಟು ಉಪಯೋಗವೋ ಕಾಣೆ, ಆದರೂ ಬರೆಯುತ್ತೇನೆ. ಮೊದಲು ಕಣ್ಣು, ಕಿವಿ ತೋರಿಸು. ಅಲ್ಲಿ ಏನೂ ಇಲ್ಲವೆಂದಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಕಾರವಾರದಿಂದ ದೂರವೇ, ಗೊತ್ತು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವಲ್ಲಿ ಬರೆಯುವಲ್ಲಿ ಇರುವ ತೊಡಕು, ಎಂದು ಡಾಕ್ಟರು ಹೇಳಿದರೆ ಹೆದರಬೇಡ, ಅದು ಬುದ್ಧಿಯ ಅಳತೆಯಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಇಂಥ ಕಲಿಕಾ ನ್ಯೂನತೆಯೂ ಸೇರಿದೆ, ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಮನೆಯಲ್ಲಿ ನಮ್ಮ ಭಾಷೆ, ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಅದಕ್ಕೇ ಹೀಗೆ ಎಂದು ನೆರೆಯವರು ಹೇಳಿದರೆಂದು ನೀನು ಬರೆದಿದ್ದೆ. ಭಾಷೆ ಹೆಚ್ಚಾದದ್ದರಿಂದ ಇದು ಬರುವುದಿಲ್ಲ. ಮನೆತನದಲ್ಲಿ ಬರುವುದುಂಟು. ನಿನ್ನ ಅಜ್ಜ ಜನ್ಮದಲ್ಲಿ ಒಂದು ಕಾಗದ ಓದಿದ್ದನ್ನು ನಾನು ಕಾಣಲಿಲ್ಲ, ಈಗ ಯೋಚಿಸುತ್ತೇನೆ.

ತಪ್ಪಾದ ಶಬ್ದವನ್ನು ಹತ್ತು ಸಲ ಬರೆಸಬೇಡ. ನೆಂಟರ ಎದುರು ಓದಿಸಬೇಡ. ಸಂಜೆ ಕಡಲಿಗೆ ಹೋದಾಗ ಒದ್ದೆ ಮರಳಿನಲ್ಲಿ ತೋಳುದ್ದ ಒಂದೇ ಅಕ್ಷರ ಬರೆಸಿ, ಬರೆಯುತ್ತಲೇ ಬಾಯಲ್ಲಿ ಹೇಳಿಸು. ದ, ಧ, ಥ ಒಂದೇ ದಿನ ಬೇಡ. ಕತೆ ನೀನು ಓದು, ಅವನು ಕೇಳಲಿ.

ನಾನು ಹೊಡೆದ ಆ ಹುಡುಗ ಈಗ ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುವ ಕೊನೆಗೌಡ. ಮರದಿಂದ ಮರಕ್ಕೆ ದಾಟುತ್ತಲೇ ಎಷ್ಟು ಕೊನೆ ಇಳಿಯಿತೆಂಬ ಲೆಕ್ಕ ತಲೆಯಲ್ಲೇ ಇಟ್ಟಿರುತ್ತಾನೆ, ಬರೆದುಕೊಂಡ ನನ್ನದೇ ತಪ್ಪುತ್ತದೆ. ಸೊಸೈಟಿಯ ಕಾಗದ ಬಂದರೆ ಸೀದಾ ನನ್ನ ಹತ್ತಿರ ತರುತ್ತಾನೆ. "ಮಾಸ್ತರ್ರೆ, ಇದೊಂದು ಓದಿ ಹೇಳಿ." ಓದಿ ಹೇಳುತ್ತೇನೆ. ಬೇರೆ ಮಾತು ನಮ್ಮಿಬ್ಬರಿಗೂ ಬರುವುದಿಲ್ಲ.

ಮಾಣಿಗೆ ಇನ್ನೂ ಉತ್ತರ ಕೊಟ್ಟಿಲ್ಲವಾದರೆ ಈ ರಾತ್ರಿಯೇ ಕೊಡು. ಮತ್ತೆ ಕೇಳಲಿ ಎಂದು ಕಾಯಬೇಡ. ಅವನು ನಿನ್ನನ್ನು ಕೇಳಿದನಲ್ಲ, ಆ ಹುಡುಗ ನನ್ನನ್ನು ಕೇಳಲೇ ಇಲ್ಲ.

ನಿನ್ನ ದೊಡ್ಡಪ್ಪ