ಲಸಿಕೆ ಬೇಡ ಅಂತ ಕೂತಿರುವ ನಿನ್ನ ಮಗನ ವಿಷಯ

ಸಾಗರ ತಾಲ್ಲೂಕು, ಜನವರಿ 2022

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಮಗ ಕೊರೊನಾ ಲಸಿಕೆ ಹಾಕಿಸಿಕೊಳ್ಳಲ್ಲ ಅಂತ ಹಟ ಹಿಡಿದಿದ್ದಾನೆ, ನೀನು ಬೈದೂ ಆಯಿತು, ಫೋನ್ ಕಿತ್ತಿಟ್ಟೂ ಆಯಿತು. 'ನಿಮ್ಮ ಶಾಲೆ ಹುಡುಗರು ಏನಂತಾರೆ ಮಾರಾಯ?' ಅಂತ ಕೇಳಿದ್ದೀಯ. ಎರಡು ಸಾಲಲ್ಲಿ ಹೇಳುವ ಮಾತಲ್ಲ, ಅದಕ್ಕೇ ಈ ಪತ್ರ. ಇಂಥದೇ ವಯಸ್ಸಿನ ಮಕ್ಕಳಿರುವ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಇಲ್ಲ, ಗಾಬರಿಯಾಗಬೇಡ.

ಜನವರಿ 3ರಿಂದ 15ರಿಂದ 18ರ ವಯಸ್ಸಿನವರಿಗೆ ಕೋವ್ಯಾಕ್ಸಿನ್ ಲಸಿಕೆ ಶುರುವಾಯಿತಲ್ಲ, ನಮ್ಮಲ್ಲಿ ಪಿಎಚ್‌ಸಿಯವರು (ಪ್ರಾಥಮಿಕ ಆರೋಗ್ಯ ಕೇಂದ್ರದವರು) ಶಾಲೆಗೇ ಬಂದರು. ಬರುವ ಮುಂಚೆ ನಾನು ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆ. ಹೆಸರು ಬೇಡ, ಮನಸ್ಸಲ್ಲಿರುವುದನ್ನು ಬರೆಯಿರಿ ಅಂದೆ. ಭಾಷಣಕ್ಕೆ ಸಿದ್ಧವಾಗಿದ್ದವನು ಚೀಟಿ ಓದಿ ಸುಮ್ಮನಾದೆ. 'ಸೂಜಿ ಎಷ್ಟು ಉದ್ದ?' 'ತಲೆ ಸುತ್ತಿ ಬಿದ್ದರೆ ಹುಡುಗಿಯರು ನಗ್ತಾರಾ?' 'ಕೈ ನೋವಾದ್ರೆ ವಾಲಿಬಾಲ್ ಆಡೋಕಾಗುತ್ತಾ?' 'ಅಪ್ಪ ಎರಡು ಡೋಸ್ ಹಾಕಿಸಿಕೊಂಡಿದ್ದರೂ ಕೊರೊನಾ ಬಂತು, ಮತ್ತೆ ಯಾಕೆ?' ಒಂದರಲ್ಲಿ ಸಣ್ಣ ಅಕ್ಷರದಲ್ಲಿ, ಪೆನ್ಸಿಲ್‌ನಲ್ಲಿ, 'ಮುಟ್ಟಾದಾಗ ಹಾಕಿಸಿಕೊಳ್ಳಬಾರದಾ? ಮುಂದೆ ಮಕ್ಕಳಾಗಲ್ಲವಂತೆ.' ಬರೆದು, ಅರ್ಧ ಅಳಿಸಿ, ಮತ್ತೆ ಬರೆದ ಗುರುತಿತ್ತು.

ನೋಡು, 'ಲಸಿಕೆಯಲ್ಲಿ ಚಿಪ್ ಇದೆ' ಅಂತ ಒಬ್ಬರೂ ಬರೆದಿರಲಿಲ್ಲ. ಅದೆಲ್ಲ ದೊಡ್ಡವರ ವಾಟ್ಸಾಪ್ ಫಾರ್ವರ್ಡ್‌ಗಳು. ಮಕ್ಕಳ ಅನುಮಾನ ಚಿಕ್ಕದು, ಖಚಿತವಾದದ್ದು. ಉತ್ತರ ಕೊಡಬಹುದಾದದ್ದು.

ಮುಟ್ಟಿನ ಪ್ರಶ್ನೆಯನ್ನು ಸಿಸ್ಟರ್‌ಗೆ ಒಪ್ಪಿಸಿದೆ. ಅವರು ಹುಡುಗಿಯರನ್ನಷ್ಟೇ ಕೂರಿಸಿಕೊಂಡು ಮಾತಾಡಿದರು. ಮುಟ್ಟಿನ ಐದು ದಿನ ಹಿಂದೆ ಮುಂದೆ ಹಾಕಿಸಬೇಡಿ ಅನ್ನುವ ಮೆಸೇಜ್ 2021ರ ಏಪ್ರಿಲ್‌ನಲ್ಲೇ ಹರಿದಾಡಿತ್ತು, ಅದು ಸುಳ್ಳು ಅಂತ ಸರ್ಕಾರವೂ ಹೇಳಿತ್ತು. ಆ ಸುದ್ದಿ ಎಲ್ಲರ ಫೋನಿಗೂ ಬಂದಿತ್ತು, ಸುಳ್ಳು ಅನ್ನುವ ಮಾತು ಮಾತ್ರ ಈ ಹುಡುಗಿಯವರೆಗೆ ಬಂದಿರಲಿಲ್ಲ. ಕೇಳೋಣ ಅಂದ್ರೆ ಯಾರನ್ನ ಕೇಳ್ಬೇಕು ಪಾಪ? ನಮ್ಮನ್ನಾ?

ಇನ್ನೊಂದು ವಿಷಯ, ನಿಮ್ಮ ಬೆಂಗಳೂರಿನವರಿಗೆ ಗೊತ್ತಾಗದ್ದು. ಈ ಕಡೆಯ ಮಕ್ಕಳಿಗೆ ಲಸಿಕೆ ಹೊಸತಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಾಣಿಸಿಕೊಂಡ, ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಅದು ಹಲವರನ್ನು ಬಲಿ ತೆಗೆದುಕೊಂಡದ್ದು ನಿನಗೆ ನೆನಪಿರಬೇಕು. ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳುವುದು, ಅದರ ಲಸಿಕೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಇದೆಲ್ಲ ಇವರಿಗೆ ಬಾಯಿಪಾಠ. ಟೀವಿಯವರು ಬೂಸ್ಟರ್ ಅನ್ನುವುದಕ್ಕೆ ಎಷ್ಟೋ ಮೊದಲು ನಮ್ಮೂರ ಅಜ್ಜಿಯರು ಅನ್ನುತ್ತಿದ್ದರು! ಆದರೆ ಅನುಮಾನದ ಬೇರೂ ಅಲ್ಲೇ ಇದೆ. ಆ ಇಂಜೆಕ್ಷನ್ ಚೆನ್ನಾಗಿ ನೋಯುತ್ತದೆ. ಹಾಕಿಸಿಕೊಂಡವರಿಗೂ ಕೆಲವರಿಗೆ ಕಾಯಿಲೆ ಬಂತು. 'ಆಗಲೂ ಹೀಗೇ ಅಂದಿದ್ರು' ಅನ್ನುವ ಮಾತು ಮನೆಯ ಜಗಲಿಯಿಂದ ಮಕ್ಕಳ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ 'ಅಪ್ಪನಿಗೂ ಬಂತಲ್ಲ' ಅನ್ನುವ ಚೀಟಿಗೆ ಜಾಣ ಉತ್ತರ ನಡೆಯುವುದಿಲ್ಲ. ಕೊರೊನಾ ಲಸಿಕೆ ಸೋಂಕನ್ನು ಪೂರ್ತಿ ತಡೆಯಲ್ಲ, ಅದರಲ್ಲೂ ಈ ಒಮಿಕ್ರಾನ್ ತಳಿ ಬಂದ ಮೇಲೆ ಇನ್ನೂ ಕಡಿಮೆ, ಕಾಯಿಲೆ ಜೋರಾಗಿ ಆಸ್ಪತ್ರೆ ಸೇರುವ ಸಂಭವವನ್ನು ಕಡಿಮೆ ಮಾಡುತ್ತದೆ ಅಂತ ಇದ್ದದ್ದನ್ನೇ ಹೇಳಿದೆ.

'ನಿಮ್ಮ ವಯಸ್ಸಿನವರಿಗೆ ಕೊರೊನಾ ಸಾಮಾನ್ಯವಾಗಿ ಜೋರಾಗಿ ಬರಲ್ಲ' ಅನ್ನುವುದನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ. ಜೊತೆಯ ಮೇಷ್ಟ್ರೊಬ್ಬರಿಗೆ ಇದು ಹಿಡಿಸಲಿಲ್ಲ, ಹೆದರಿಸಿದರೆ ತಾನೇ ಬರ್ತಾರೆ ಅನ್ನುವುದು ಅವರ ವಾದ. ನನಗೆ ಒಪ್ಪಿಗೆಯಿಲ್ಲ. ಎರಡನೇ ಅಲೆಯಲ್ಲಿ ಯಾರ ಮನೆಯಲ್ಲಿ ಯಾರು ಹೋದರು ಅಂತ ಈ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಸುಳ್ಳು ಹೇಳಿದರೆ ಮರುಕ್ಷಣ ಗೊತ್ತಾಗುತ್ತದೆ.

ತಮಾಷೆ ಕೇಳು. 15 ವರ್ಷ ಅಂದರೂ ಲೆಕ್ಕ ಹುಟ್ಟಿದ ವರ್ಷದ್ದು, 2007 ಅಥವಾ ಅದಕ್ಕೂ ಮುಂಚೆ ಹುಟ್ಟಿದವರಿಗೆ ಮಾತ್ರ ಅಲ್ವಾ? ಒಂಬತ್ತನೇ ಕ್ಲಾಸಲ್ಲಿ ಒಂದೇ ಬೆಂಚಿನ ಇಬ್ಬರು, ಒಬ್ಬ 2007ರ ಡಿಸೆಂಬರ್, ಇನ್ನೊಬ್ಬ 2008ರ ಜನವರಿ. ಮೊದಲನೆಯವನು ತೋಳು ಮಡಚಿಕೊಂಡು ಹತ್ತಿ ಒತ್ತಿಕೊಂಡೇ ಊರೆಲ್ಲ ಸುತ್ತಿದ. ಎರಡನೆಯವನು ಸಾಲಿನಲ್ಲಿ ನಿಂತು, ವಾಪಸ್ ಕಳಿಸಿದ್ದಕ್ಕೆ, 'ನಾನೇನು ಚಿಕ್ಕವನಾ ಸಾರ್?' ಅಂತ ಜಗಳಕ್ಕೇ ಬಂದ. ಹಿಂದಿನ ದಿನ ಇಬ್ಬರೂ ಬೇಡ ಅನ್ನುವ ಗುಂಪಲ್ಲಿದ್ದವರು! ಈ ವಯಸ್ಸಲ್ಲಿ ಅರ್ಧ ತೀರ್ಮಾನ ಪಕ್ಕದಲ್ಲಿ ಕೂತವನದ್ದು. ಹತ್ತನೇ ಕ್ಲಾಸಿನ ಒಬ್ಬ ಮಾತ್ರ ಕೊನೆಗೂ ಹಾಕಿಸಿಕೊಂಡಿಲ್ಲ. ಕಾರಣ ಹೇಳುತ್ತಿಲ್ಲ. ನಾನೂ ಒತ್ತಾಯ ಮಾಡಿಲ್ಲ, ಮಾತಂತೂ ನಿಲ್ಲಿಸಿಲ್ಲ.

ಇನ್ನು ನಿನ್ನ ಮಗ. ಲಸಿಕೆಯಿಂದ ಹೃದಯಕ್ಕೆ ತೊಂದರೆ ಅನ್ನುವ ವಿಡಿಯೋ ನೋಡಿದ್ದಾನೆ ಅಂತ ನೀನು ಬರೆದಿದ್ದೀಯ. ಅವನು ಕೇಳಿದ್ದು ಪೂರ್ತಿ ಸುಳ್ಳಲ್ಲ ಕಣೋ. ಫೈಜರ್, ಮಾಡೆರ್ನಾದಂಥ ಎಂಆರ್‌ಎನ್‌ಎ (ವೈರಸ್ ಬದಲು ಅದರ ಒಂದು ಭಾಗ ಮಾಡುವ ಸೂಚನೆಯಷ್ಟೇ ಇರುವ) ಲಸಿಕೆ ಹಾಕಿಸಿಕೊಂಡ ಹುಡುಗರಲ್ಲಿ, ಜಾಸ್ತಿ ಎರಡನೇ ಡೋಸ್ ಆದ ಮೇಲೆ, ಹೃದಯದ ಸ್ನಾಯುವಿನ ಉರಿಯೂತ ಕಂಡಿದೆ. ತುಂಬಾ ಅಪರೂಪ, ಹೆಚ್ಚಿನವರು ಗುಣವಾಗಿದ್ದಾರೆ. ಆದರೆ ನಮ್ಮಲ್ಲಿ ಈ ವಯಸ್ಸಿನವರಿಗೆ ಕೊಡುತ್ತಿರುವುದು ಆ ಜಾತಿಯದಲ್ಲ. ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್, ನಮ್ಮ ಮಂಗನ ಕಾಯಿಲೆ ಲಸಿಕೆಯ ಹಾಗೆ. ಹುಡುಗ ಹುಡುಕಿ ಓದಿದ್ದಾನೆ, ಬೇರೆ ಲಸಿಕೆಯದ್ದನ್ನು ಓದಿದ್ದಾನೆ ಅಷ್ಟೇ. ಅವನ ಜೊತೆ ಕೂತು ಆ ವಿಡಿಯೋ ನೀನೂ ನೋಡು. ಮೊದಲು ಫೋನ್ ವಾಪಸ್ ಕೊಡು ಮಾರಾಯ.

ಒಪ್ಪಿದರೆ ಹೊಟ್ಟೆ ತುಂಬಾ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗು, ನಮ್ಮಲ್ಲಿ ತಲೆ ಸುತ್ತಿದವನು ಖಾಲಿ ಹೊಟ್ಟೆಯಲ್ಲಿ ಬಂದಿದ್ದ. ಆಧಾರ್ ಇಲ್ಲದಿದ್ದರೆ ಶಾಲೆಯ ಐಡಿ ಕಾರ್ಡ್ ಸಾಕು. ಅರ್ಧ ಗಂಟೆ ಅಲ್ಲೇ ಕೂರಬೇಕು, ಎರಡನೆಯದು 28 ದಿನದ ಮೇಲೆ. ಒಪ್ಪದಿದ್ದರೆ ನನಗೆ ಫೋನ್ ಮಾಡಲು ಹೇಳು. ಸಂಜೆ ಆರರ ಮೇಲೆ ಮಾಡಲಿ, ಹಗಲು ಅಡಿಕೆ ಕೊಯ್ಲಿನ ಗಡಿಬಿಡಿ.

ಇತಿ ನಿನ್ನ
ಮೇಷ್ಟ್ರು