ಆ ಪೆನ್‌ಡ್ರೈವ್ ಸುದ್ದಿ ಮೊದಲು ಕೋರ್ಟಿಗೆ ಮುಟ್ಟಲಿ
ಚಿತ್ರದುರ್ಗ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ಆ ಪೆನ್‌ಡ್ರೈವ್ ಇನ್ನೂ ಕಂಪ್ಯೂಟರಿಗೆ ಹಾಕಿಲ್ಲ ತಾನೇ? ಹಾಕಿಲ್ಲ ಅಂದರೆ ಹಾಗೇ ಇರಲಿ. ನಿನ್ನ ಹಳೇ ಪಾಲುದಾರರ ಹತ್ತಿರ ಕೆಲಸ ಬಿಟ್ಟ ಹುಡುಗ ತಾನಾಗಿ ತಂದುಕೊಟ್ಟ, ಅದರಲ್ಲಿ ಅವರ ಲೆಕ್ಕ, ಮೇಲ್ ಎಲ್ಲಾ ಇದೆ, ಇನ್ನು ಅವರ ಮೇಲೆ ಹಾಕಿದ ಕೇಸು ನಮ್ಮದೇ ಎಂದು ಮೊನ್ನೆ ಫೋನಿನಲ್ಲಿ ಖುಷಿಯಿಂದ ಹೇಳಿದೆ. ನನಗೆ ಖುಷಿಯಾಗಲಿಲ್ಲ, ಭಯವಾಯಿತು. ವಕೀಲರ ಆಫೀಸಿನಲ್ಲಿ ಫೈಲು ಹೊತ್ತೇ ತಲೆ ನೆರೆತವನು ನಾನು. ಇಂಥದ್ದನ್ನು ಕೋರ್ಟಿನ ಅನುಮತಿ ಇಲ್ಲದೆ ತೆರೆಯಬೇಡ.

ಹೇಗೆ ಬಂದರೇನು, ಸಾಕ್ಷಿ ಸಾಕ್ಷಿಯೇ ಅಲ್ವಾ ಎಂದೆ. ಯಾರೋ ನಿನಗೆ ಅರ್ಧ ಹೇಳಿದ್ದಾರೆ. ಬಂದ ದಾರಿ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಸಾಕ್ಷಿ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಪೂರನ್ ಮಲ್ ಕೇಸಿನಲ್ಲಿ ಹೇಳಿದ್ದು ನಿಜ. ಆದರೆ ಮಾಲೀಕರ ಒಪ್ಪಿಗೆ ಇಲ್ಲದೆ ಅವರ ಕಂಪ್ಯೂಟರಿನಿಂದ ಫೈಲು ನಕಲು ಮಾಡುವುದು ಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ. ಮೋಸದಿಂದ ಮಾಡಿದ್ದು ಎಂದಾದರೆ 66ನೇ ಸೆಕ್ಷನ್, 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿನ್ನ ಸಾಕ್ಷಿ ನಿಂತರೂ ಆ ಹುಡುಗ ಸಿಕ್ಕಿಬೀಳುತ್ತಾನೆ, ನೀನೇ ಮಾಡಿಸಿದ್ದು ಅಂತ ಎದುರಿನವರು ಹೇಳದೆ ಬಿಡುತ್ತಾರಾ? ಅವರು ತಮ್ಮ ವಕೀಲರಿಗೆ ಬರೆದ ಮೇಲ್ ಏನಾದರೂ ಅದರಲ್ಲಿ ಇದ್ದರಂತೂ ಓದಲೇಬಾರದು. ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಕಾನೂನಿನ ರಕ್ಷಣೆ ಇದೆ.

ಈಗ ಮಾಡಬೇಕಾದ್ದು ಇಷ್ಟು. ಪೆನ್‌ಡ್ರೈವನ್ನು ಒಂದು ಲಕೋಟೆಗೆ ಹಾಕು, ಬಾಯಿ ಅಂಟಿಸು, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಮಾಡಿ ತಾರೀಖು ಹಾಕು. ಯಾರು ಕೊಟ್ಟರು, ಎಲ್ಲಿ, ಯಾವಾಗ, ಎದುರಿಗೆ ಯಾರಿದ್ದರು, ಎಲ್ಲಾ ಒಂದು ಹಾಳೆಯಲ್ಲಿ ಇದ್ದದ್ದು ಇದ್ದಂತೆ ಬರೆದು ವಕೀಲರ ಕೈಗೆ ಕೊಡು. ಒಂದೇ ಒಂದು ಫೋಟೋ ಕೂಡ ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡ, ನನಗೂ. ಡಿಜಿಟಲ್ ಸಾಕ್ಷಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದಕ್ಕೆ ಎರಡು ಭಾಗ, ಒಂದನ್ನು ಕಕ್ಷಿದಾರ ತುಂಬಬೇಕು, ಇನ್ನೊಂದನ್ನು ತಜ್ಞರು, ಎರಡರಲ್ಲೂ ಫೈಲಿನ ಹ್ಯಾಶ್ ವ್ಯಾಲ್ಯೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಹಾಗೆ. ಸುಮ್ನೆ ನೋಡೋಣ ಅಂತ ತೆರೆದು ಒಂದು ಚುಕ್ಕೆ ಸೇರಿಸಿ ಸೇವ್ ಮಾಡಿದರೂ ಗುರುತು ಬೇರೆಯಾಗುತ್ತದೆ. ಆಮೇಲೆ ಎದುರಿನ ವಕೀಲರು ತಿದ್ದಿದ್ದೀರಿ ಎಂದರೆ ನಿನ್ನ ಹತ್ತಿರ ಉತ್ತರ ಇರುವುದಿಲ್ಲ.

ಇನ್ನೊಂದು ಮಾತು. ಆ ಪೆನ್‌ಡ್ರೈವ್ ನಿನಗೆ ಬೇಕಾಗದೆಯೂ ಇರಬಹುದು. ನಿನ್ನದು ಕಮರ್ಷಿಯಲ್ ದಾವೆ, ಅಂದರೆ ವ್ಯಾಪಾರದ ವ್ಯಾಜ್ಯ. ಅದರಲ್ಲಿ ಎರಡೂ ಕಡೆಯವರು ತಮ್ಮ ಹತ್ತಿರ ಇರುವ ದಾಖಲೆಗಳನ್ನು, ತಮಗೆ ಅನುಕೂಲವಾದದ್ದನ್ನೂ ವಿರುದ್ಧವಾದದ್ದನ್ನೂ, ಪಟ್ಟಿ ಮಾಡಿ ಮುಂದಿಡಲೇಬೇಕು. ಅವರು ಲೆಕ್ಕದ ಪುಸ್ತಕ ಮುಚ್ಚಿಟ್ಟಿದ್ದರೆ ಹಾಜರುಪಡಿಸಿ ಎಂದು ಆದೇಶ ಕೇಳಿ ಒಂದು ಐಎ, ಅಂದರೆ ಕೇಸಿನ ನಡುವೆ ಕೊಡುವ ಅರ್ಜಿ, ಹಾಕಿಸು. ಕಂಪ್ಯೂಟರಿನಲ್ಲಿರುವುದನ್ನು ಅಳಿಸಿಬಿಡುತ್ತಾರೆ ಎಂಬ ಹೆದರಿಕೆ ಇದ್ದರೆ ಕೋರ್ಟಿನ ಪರವಾಗಿ ಹೋಗಿ ನೋಡುವ ಕಮಿಷನರನ್ನು ನೇಮಿಸಿ, ತಜ್ಞರ ಎದುರೇ ನಕಲು ತೆಗೆಸಿ ಎಂದು ಕೇಳಬಹುದು. ಹಿಂಬಾಗಿಲಿನಿಂದ ಬಂದ ಕಾಗದವೇ ಮುಂಬಾಗಿಲಿನಿಂದಲೂ ಬಂದೀತು, ಆಗ ಅದನ್ನು ಯಾರೂ ಅಲ್ಲಾಡಿಸಲಾರರು. ಸ್ವಲ್ಪ ತಡವಾಗುತ್ತದೆ, ಆಗಲಿ.

ಹಾಗೆಯೇ ನಿನ್ನ ಕಡೆ ದಾಖಲೆ ಏನಾದರೂ ದಾವೆ ಹಾಕುವಾಗ ಬಿಟ್ಟುಹೋಗಿದ್ದರೆ ಈಗಲೇ ಹೇಳಿಬಿಡು. ಕೈಯಲ್ಲಿ ಇದ್ದೂ ಕೊಡದ ಕಾಗದವನ್ನು ಆಮೇಲೆ ತರಲು ಕೋರ್ಟಿನ ಅನುಮತಿ ಬೇಕು, ಸರಿಯಾದ ಕಾರಣ ತೋರಿಸಬೇಕು. ಮರೆತಿದ್ದೆ ಅಂದರೆ ಸಾಲದು.

ಇನ್ನು ನಿನ್ನ ಪಶು ಆಹಾರದ ಮಿಶ್ರಣದ ಚೀಟಿ. ಮೆಕ್ಕೆಜೋಳ ಎಷ್ಟು, ಚಳ್ಳಕೆರೆಯಿಂದ ತರುವ ಶೇಂಗಾ ಹಿಂಡಿ ಎಷ್ಟು, ಯಾವ ಊರಿನ ಗಿರಾಕಿಗೆ ಏನು ರೇಟು, ಇದೇ ನಿನ್ನ ವ್ಯಾಪಾರದ ಜೀವ. ಅದನ್ನು ದಾಖಲೆ ಜೊತೆ ಹಾಗೇ ಪಿನ್ ಹೊಡೆದು ಕೊಟ್ಟರೆ ದಾವಣಗೆರೆ ಎಪಿಎಂಸಿಯಲ್ಲಿ ನಾಳೆಯೇ ಎಲ್ಲರ ಬಾಯಲ್ಲಿ ಇರುತ್ತದೆ. ಮುಚ್ಚಿದ ಲಕೋಟೆಯಲ್ಲಿ ಜಡ್ಜ್ ಒಬ್ಬರಿಗೇ ಕೊಡುತ್ತೇನೆ ಅಂದರೂ ಸರಿಯಾಗದು, ಎದುರಿನವರಿಗೆ ಉತ್ತರ ಹೇಳುವ ಹಕ್ಕಿದೆ, ಅದು ನ್ಯಾಯವೂ ಹೌದು. ಎರಡೂ ಕಡೆಯ ವಕೀಲರು ಮತ್ತು ತಜ್ಞರು ಮಾತ್ರ ನೋಡಲಿ, ನಕಲು ಹೊರಗೆ ಹೋಗದಿರಲಿ ಎಂದು ಕೇಳಬೇಕು. ಡೆಲ್ಲಿ ಹೈಕೋರ್ಟಿನ 2018ರ ನಿಯಮಗಳಲ್ಲಿ ಇದಕ್ಕೆ ಕಾನ್ಫಿಡೆನ್ಶಿಯಾಲಿಟಿ ಕ್ಲಬ್ ಎಂದೇ ಹೆಸರು. ನಮ್ಮ ಕಡೆ ಸಿಪಿಸಿ, ಅಂದರೆ ಸಿವಿಲ್ ಕೇಸು ನಡೆಸುವ ಕಾನೂನಿನ, 151ನೇ ಸೆಕ್ಷನ್ ಅಡಿ ಕೇಳಬಹುದಾ ಎಂದು ವಕೀಲರನ್ನು ವಿಚಾರಿಸು, ನಾಚಿಕೊಳ್ಳಬೇಡ. ಗಿರಾಕಿಗಳ ಹೆಸರಿಗೆ ಕೇಸಿನಲ್ಲಿ ಕೆಲಸವಿಲ್ಲದಿದ್ದರೆ ಅದನ್ನು ಮರೆಮಾಡಿ ಕೊಡಲು ಬಿಡಿ ಎಂದೂ ಅದೇ ಅರ್ಜಿಯಲ್ಲಿ ಕೇಳಲಿ.

ಆ ಹುಡುಗನಿಗೆ ದುಡ್ಡು ಮಾತ್ರ ಕೊಡಬೇಡ, ಬಸ್ ಚಾರ್ಜ್ ಕೂಡ. ಅವನೂ ಒಬ್ಬ ವಕೀಲರನ್ನು ನೋಡಲಿ ಎಂದು ಹೇಳು, ಪಾಪ, ಅವನಿಗೂ ಮನೆಮಠ ಇದೆ. ನೀನು ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಕ್ಕೆ ಮೊದಲು ವಕೀಲರ ಮನೆಗೆ ಹೋಗು. ಲಕೋಟೆ ಕೊಟ್ಟದ್ದಕ್ಕೆ ಅವರಿಂದ ಸಹಿ ಹಾಕಿಸಿಕೊಂಡು ನನಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ