ಸವುಳು ನೀರಿನ ಮನೆಗೆ ಬರುವ ಕೂಸಿಗಾಗಿ

ಕೊಪ್ಪಳ

ಚಿ. ಸೌ. ಸಂಗೀತಾಳಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ಓದಿದೆ. ಬಿದಿರಿನ ಡಯಾಪರ್, ಬಿದಿರಿನ ತಟ್ಟೆ, ಗಿಡಮೂಲಿಕೆ ಪೌಡರ್, ಕೊಳೆತು ಗೊಬ್ಬರವಾಗುವ ಚೀಲ, ಎಲ್ಲದರ ಮೇಲೂ ಹಸಿರು ಎಲೆಯ ಚಿತ್ರ. ಕೂಸಿಗೂ ಭೂಮಿಗೂ ಕೇಡಾಗದ ವಸ್ತುಗಳೇ ಬೇಕು ಅನ್ನುವ ನಿನ್ನ ಮನಸ್ಸು ನನಗೆ ಬಹಳ ಹಿಡಿಸಿತು. ಆದರೆ ಆ ಪಟ್ಟಿ ಮಾಡಿದವರು ಕುಷ್ಟಗಿಯ ಬೋರ್ ನೀರು ಕಂಡವರಲ್ಲ. ಇಲ್ಲಿಯ ಎಷ್ಟೋ ತಾಯಂದಿರು ಹುಮ್ಮಸ್ಸಿನಿಂದ ಬಟ್ಟೆಯ ಲಂಗೋಟಿ ಶುರು ಮಾಡುತ್ತಾರೆ. ಒಂದೆರಡು ತಿಂಗಳಲ್ಲಿ ಅದು ಬಿರುಸಾಗುತ್ತದೆ, ನಾರುತ್ತದೆ, ಕೂಸಿನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಏಳುತ್ತವೆ, ಮತ್ತೆ ಪ್ಲಾಸ್ಟಿಕ್ ಡಯಾಪರೇ ಗತಿ ಅನ್ನುತ್ತಾರೆ. ಅಲ್ಲಿ ತಪ್ಪು ಬಹುಪಾಲು ಬಟ್ಟೆಯದಲ್ಲ, ಸವುಳು ನೀರಿನದು. ಅದಕ್ಕೇ ದುಡ್ಡು ಬಿಚ್ಚುವ ಮೊದಲು ನೀರು ನೋಡು ಎನ್ನುತ್ತೇನೆ.

ನೋಡುವುದು ಸುಲಭ. ಒಂದು ಬಾಟಲಿಯಲ್ಲಿ ಅರ್ಧ ಬೋರ್ ನೀರು ತುಂಬಿ, ಸ್ನಾನದ ಸಾಬೂನನ್ನು ಚಾಕುವಿನಿಂದ ಹೆರೆದು ಒಂದು ಚಿಟಿಕೆ ಹಾಕಿ ಜೋರಾಗಿ ಕುಲುಕು. ಬುರುಗು ನಿಂತರೆ ನೀರು ಮೆದು. ಬುರುಗು ಏಳದೆ ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲಿದರೆ ಗಡಸು. ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನನ್ನು ಹಿಡಿದು ಆ ಚೂರುಗಳಾಗುತ್ತದೆ. ಅವೇ ಬಟ್ಟೆಯ ಎಳೆಗಳಲ್ಲಿ ಕೂತರೆ ಬಟ್ಟೆ ನೀರು ಹೀರುವುದಿಲ್ಲ, ಉಚ್ಚೆಯ ವಾಸನೆ ಬಿಡುವುದಿಲ್ಲ. ಇದಕ್ಕೆ ಅಗ್ಗದ ಮದ್ದು ಬಟ್ಟೆ ಒಗೆಯುವ ಸೋಡಾ. ಅಡುಗೆ ಸೋಡಾ ಅಲ್ಲ, ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳು. 20 ಲೀಟರ್ ಬಕೆಟಿಗೆ ಒಂದು ದೊಡ್ಡ ಚಮಚ ಹಾಕಿ ಕಲಕಿ ಹತ್ತು ನಿಮಿಷ ಬಿಡು, ಆಮೇಲೆ ಸಾಬೂನು. ನೀರು ಬಹಳ ಗಡಸಿದ್ದರೆ ಎರಡು ಚಮಚ ಬೇಕಾಗಬಹುದು. ಸೋಡಾ ಕೈ ಒರಟು ಮಾಡುತ್ತದೆ, ಬಟ್ಟೆಯಲ್ಲಿ ಉಳಿದರೆ ಕೂಸಿನ ಚರ್ಮವನ್ನೂ ಸುಡುತ್ತದೆ. ಆದ್ದರಿಂದ ಮೂರು ಸಲವಾದರೂ ಬರೀ ನೀರಿನಲ್ಲಿ ಜಾಲಿಸಬೇಕು. ಮಳೆಗಾಲದಲ್ಲಿ ಮಾಳಿಗೆ ನೀರು ಹಿಡಿಯುವ ಅನುಕೂಲವಿದ್ದರೆ ಕೊನೆಯ ಜಾಲಾಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಕುಡಿಯುವ ನೀರಿನ ಮಾತು ಬೇರೆ. ನಮ್ಮ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಅನೇಕ ಬೋರ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚೇ ಆಗುತ್ತದೆ. ನೀನು ಕುಡಿಯುವುದಕ್ಕೂ ಮುಂದೆ ಕೂಸಿನ ಗಂಜಿಗೂ ಶುದ್ಧ ನೀರಿನ ಘಟಕದ ನೀರೇ ಇರಲಿ. ಕ್ಯಾನನ್ನು ಬಿಸಿಲಿನಲ್ಲಿ ಬಿಡದೆ, ಮನೆಗೆ ತಂದ ಕೂಡಲೇ ಸ್ಟೀಲಿನ ಕೊಡಕ್ಕೆ ಸುರುವಿಕೋ.

ಇನ್ನು ಲಂಗೋಟಿ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಒದ್ದೆ ಮಾಡುತ್ತದೆ. ದಿನಾ ಒಗೆಯುವುದಾದರೆ 24ರಿಂದ 30 ಅರಿವೆ ಸಾಕು. ಹಳೆಯ ನೂಲಿನ ಸೀರೆ, ಧೋತರ, ಲುಂಗಿ ಯಾವುದಾದರೂ ಆದೀತು, ಪಾಲಿಯೆಸ್ಟರ್ ಬೆರೆತಿರಬಾರದು. ಒಂದು ಎಳೆ ಸುಟ್ಟು ನೋಡು: ಕಾಗದದಂತೆ ಉರಿದು ಬೂದಿಯಾದರೆ ನೂಲು, ಕರಗಿ ಗಟ್ಟಿ ಮಣಿಯಾದರೆ ಅಲ್ಲ. ಸುಮಾರು 65 ಸೆಂಟಿಮೀಟರಿನ ಚೌಕ ಕತ್ತರಿಸಿ ಎರಡು ಪದರ ಸೇರಿಸಿ ಅಂಚು ಹೊಲಿ. ಹೊಸ ಮಲ್‌ಮಲ್ ಕೊಂಡರೆ ಗಂಜಿ ಹೋಗುವ ತನಕ ಮೂರು ನಾಲ್ಕು ಸಲ ಒಗೆಯಬೇಕು, ಅಲ್ಲಿಯ ತನಕ ಅದು ಹೀರುವುದೇ ಇಲ್ಲ.

ಒಗೆಯುವಾಗ ಮೊದಲು ಮಲವನ್ನು ಕಕ್ಕಸಿಗೆ ಹಾಕಿ ಅರಿವೆಯನ್ನು ತಣ್ಣೀರಿನಲ್ಲಿ ಜಾಲಿಸು. ಬಿಸಿನೀರು ಮೊದಲೇ ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಒಗೆ. ದಿನಗಟ್ಟಲೆ ನೆನೆಹಾಕಬೇಡ, ನಂಜುನಾಶಕ ದ್ರವ ಸುರಿಯಬೇಡ, ಬಟ್ಟೆ ಮೃದುವಾಗುವ ಸುವಾಸನೆಯ ದ್ರವವಂತೂ ಬೇಡವೇ ಬೇಡ. ಅದು ಎಳೆಯ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಲಂಗೋಟಿ ಒದ್ದೆಯನ್ನು ಹೀರದೆ ಜಾರಿಸುತ್ತದೆ. ಇಷ್ಟಾಗಿಯೂ ವಾಸನೆ ಬಂದರೆ ಸಾಬೂನು ಉಳಿದಿದೆ ಎಂದೇ ತಿಳಿ. ಬುರುಗು ಕಾಣದಾಗುವ ತನಕ ಬರೀ ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದರೆ ಸರಿಹೋಗುತ್ತದೆ. ನಮ್ಮ ಬಿಸಿಲು ಇಷ್ಟು ಕಠಿಣವಾಗಿರುವುದು ಅರಿವೆ ಒಣಗಿಸುವ ಈ ಒಂದು ಕೆಲಸಕ್ಕೆ ವರವೇ ಸೈ. ಬಾಣಂತನಕ್ಕೆ ಗಿಣಿಗೇರಿಯ ತವರಿಗೆ ಹೋದಾಗ ಮಾತ್ರ ಕಾರ್ಖಾನೆಗಳ ಕಪ್ಪು ದೂಳು ನೆನಪಿರಲಿ: ಹಗ್ಗ ಒರೆಸಿ ಒಣಹಾಕು, ಒಣಗಿದ ಕೂಡಲೇ ಕೊಡವಿ ಒಳಗೆ ತಾ.

ಗುಂಡಿ ಹಾಕುವ ಬಟ್ಟೆ ಡಯಾಪರ್ ನಾಲ್ಕೈದು ಇರಲಿ, ರಾತ್ರಿಗೆ ಮತ್ತು ಹೊರಗೆ ಹೋಗುವಾಗ. ಅದರ ಹೊರಕವಚ ನೀರು ಸೋರದ ಪ್ಲಾಸ್ಟಿಕ್ ಪದರದ್ದು, ನಮ್ಮ ಬೇಸಿಗೆಯಲ್ಲಿ ಹಗಲೆಲ್ಲ ಹಾಕಿದರೆ ಒಳಗೆ ಬೆವತು ಚರ್ಮ ಕೆಂಪಾಗುತ್ತದೆ. ಕವಚವನ್ನು ನೆರಳಲ್ಲಿ, ಒಳಗಿನ ಪಟ್ಟಿಯನ್ನು ಬಿಸಿಲಲ್ಲಿ ಒಣಗಿಸು. ಬಿಸಿಲಿಗೆ ಕವಚದ ಪದರವೂ ಇಲಾಸ್ಟಿಕ್ಕೂ ಬೇಗ ಹಾಳಾಗುತ್ತವೆ.

ಬಸ್ಸಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಹೋಗುವ ದಿನ ಬಿಸಾಡುವ ಡಯಾಪರ್ ಹಾಕಿದರೆ ಪಾಪವೇನೂ ಇಲ್ಲ. ಅದನ್ನು ಎಲ್ಲಿ ಬಿಸಾಡುತ್ತೀ ಎಂಬುದು ಮುಖ್ಯ. ಮಲವನ್ನು ಕಕ್ಕಸಿಗೆ ಹಾಕಿ, ಸುತ್ತಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ, ಕಸದ ಗಾಡಿಗೆ ಬೇರೆಯಾಗಿ ಕೊಡು. ಘನತ್ಯಾಜ್ಯ ನಿಯಮವೂ ಹೀಗೆ ಸುತ್ತಿಯೇ ಕೊಡಬೇಕು ಎನ್ನುತ್ತದೆ. ಸುಡಬೇಡ. ಕಾಲುವೆಗೆ ಎಸೆಯುವವರನ್ನು ಕಂಡರೆ ನನಗೆ ಬಹಳ ಸಂಕಟವಾಗುತ್ತದೆ. ತುಂಗಭದ್ರಾ ಎಡದಂಡೆಯ ಆ ನೀರನ್ನೇ ಕೆರೆಗೆ ತುಂಬಿಸಿ ಕುಡಿಯುವ ಊರುಗಳು ಕೆಳಗಿವೆ, ಅಲ್ಲಿಯೂ ಬಾಣಂತಿಯರಿದ್ದಾರೆ.

‘ಬಿದಿರಿನ ಡಯಾಪರ್’ ಎಂದಾಗ ಬಿದಿರಿನದು ಸಾಮಾನ್ಯವಾಗಿ ಮೈಗೆ ತಾಗುವ ಪದರ ಮಾತ್ರ. ಒಳಗೆ ನೀರು ಹೀರುವ ರಾಸಾಯನಿಕ ಹರಳು ಹೆಚ್ಚಿನವುಗಳಲ್ಲಿ ಇದ್ದೇ ಇರುತ್ತದೆ. ಬಿದಿರಿನ ತಟ್ಟೆಯಂತೂ ಪಟ್ಟಿಯಿಂದ ಹೊಡೆದುಹಾಕು. ಅಂಥವು ಬಹಳಷ್ಟು ಬಿದಿರಿನ ಪುಡಿಯನ್ನು ಮೆಲಮೈನ್ ಅಂಟಿನಲ್ಲಿ ಒತ್ತಿದವು. ಬಿಸಿ ಗಂಜಿ ಬಿದ್ದರೆ ಅದರಿಂದ ಮೆಲಮೈನೂ ಫಾರ್ಮಾಲ್ಡಿಹೈಡೂ ಊಟಕ್ಕೆ ಇಳಿಯಬಹುದು. ಸ್ಟೀಲಿನ ಬಟ್ಟಲು ನಿನ್ನ ಕೂಸಿಗೂ ಆಗುತ್ತದೆ, ಅದರ ಕೂಸಿಗೂ ಆಗುತ್ತದೆ. ಕೊಳೆಯುವ ಚೀಲ ಸಹ ಹಿತ್ತಲ ತಿಪ್ಪೆಯಲ್ಲಿ ಸುಲಭಕ್ಕೆ ಕೊಳೆಯುವುದಿಲ್ಲ, ಅದಕ್ಕೆ ಹೆಚ್ಚು ಬಿಸಿ ಕಾಯುವ ಗೊಬ್ಬರದ ಘಟಕ ಬೇಕು. ‘ಪರಿಸರಸ್ನೇಹಿ’ ಎಂದು ಬರೀ ಬಾಯಿಮಾತಿನಲ್ಲಿ ಸಾರದೆ ಪುರಾವೆ ತೋರಿಸಬೇಕು ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಎಲೆಯ ಚಿತ್ರ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ನೀನು ಪುರಾವೆ ಕೇಳು.

ಆರು ತಿಂಗಳು ಎದೆಹಾಲೇ ಸಾಕು, ಮೇ ತಿಂಗಳ ಧಗೆಯಲ್ಲೂ ಬೇರೆ ನೀರು ಬೇಡ. ಹಾಗಾಗಿ ಬಾಟಲಿ, ನಿಪ್ಪಲು, ಅವನ್ನು ಕುದಿಸುವ ಯಂತ್ರ ಯಾವುದೂ ಬೇಕಾಗಿಲ್ಲ. ಹಾಲು ಹಿಂಡಿ ಕುಡಿಸುವ ಪ್ರಸಂಗ ಬಂದರೆ ಕುದಿಸಿದ ಸ್ಟೀಲಿನ ಒಳಲೆ ಅಥವಾ ಸಣ್ಣ ಬಟ್ಟಲು. ಒಳಲೆಯ ಮೂತಿಯೊಳಗೆ ಜಿಡ್ಡು ಉಳಿಯುತ್ತದೆ, ಕುದಿಸುವ ಮೊದಲು ಉಜ್ಜಿ ತೊಳೆ.

ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತೇನೆ ಅಂದುಕೊಳ್ಳಬೇಡ. ಹೊರಸಿನ ಕೆಳಗೆ ಕೆಂಡ ಇಟ್ಟು ಬಾಗಿಲು ಮುಚ್ಚುವುದು ಅಪಾಯ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವುದರೊಳಗೆ ತಾಯಿ ಕೂಸು ಇಬ್ಬರಿಗೂ ಕುತ್ತು. ಲೋಬಾನದ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಎಳೆಯ ಪುಪ್ಪುಸಕ್ಕೆ ಆಗದು, ಸೊಳ್ಳೆಪರದೆ ಕಟ್ಟು. ಕಣ್ಣಿಗೆ ಕಾಡಿಗೆ ಬೇಡ. ಪೇಟೆಯ ಸುರ್ಮಾ, ಕಾಡಿಗೆಗಳಲ್ಲಿ ಸೀಸ ಇರುವುದುಂಟು. ನಿಮ್ಮ ಅತ್ತಿಯವರ ಜೊತೆ ಇದಕ್ಕಾಗಿ ವಾದಕ್ಕೆ ನಿಲ್ಲಬೇಡ, ಮನೆಯಲ್ಲೇ ಮಾಡಿದ ಕಾಡಿಗೆಯ ಬೊಟ್ಟು ಕಿವಿಯ ಹಿಂದೆ ಇಡೋಣ ಅನ್ನು, ದೃಷ್ಟಿಯೂ ಆಯಿತು, ಕಣ್ಣೂ ಉಳಿಯಿತು. ಕುಂಚಿಗೆ, ಕೌದಿ ಎತ್ತಿಡುವಾಗ ನುಸಿ ಗುಳಿಗೆ ಹಾಕಬೇಡ. ಕೆಲವು ಕೂಸುಗಳಿಗೆ ಹುಟ್ಟಿನಿಂದ ಬರುವ, ರಕ್ತದ ಕಣದೊಳಗಿನ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದರೆ ಆ ವಾಸನೆಗೇ ರಕ್ತದ ಕಣ ಒಡೆದು ಕಾಮಾಲೆ ಏರುತ್ತದೆ. ಒಣ ಬೇವಿನೆಲೆ ಸಾಕು. ಪೌಡರು ಗಿಡಮೂಲಿಕೆಯದಾದರೂ ಬೇಡ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮೈಗೆ ಕೊಬ್ಬರಿ ಎಣ್ಣೆ ಹಚ್ಚು, ಕಡಲೆಹಿಟ್ಟು ತಿಕ್ಕುವುದನ್ನು ಬಿಡು.

ಅಂಟುವಾಳ ನಿನ್ನ ಪಟ್ಟಿಯಲ್ಲಿ ಇತ್ತು, ಅದು ಸರಿಯಾದ ಆಯ್ಕೆ. ಗಡಸು ನೀರಿನಲ್ಲಿ ಸಾಬೂನಿನಂತೆ ಅದು ಚೂರು ಕಟ್ಟುವುದಿಲ್ಲ. 15–20 ಕಾಯಿಯ ಬೀಜ ತೆಗೆದು ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಹಿಚುಕಿ ಸೋಸು. ಬಕೆಟಿಗೆ ಒಂದು ಲೋಟ. ಹೊರಗಿಟ್ಟರೆ ಎರಡು ದಿನಕ್ಕೆ ಹುಳಿಯುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಕುಂಚಿಗೆ, ಉಣ್ಣೆ, ನಿನ್ನ ಸೀರೆಗಳಿಗೆ ಬಹಳ ಚಲೋ. ಮಲದ ಕಲೆಗೆ ಅದರ ಬಲ ಸಾಲದು, ಅಲ್ಲಿ ಸಾಬೂನೇ ಬೇಕು. ಕಣ್ಣಿಗೆ ಬಿದ್ದರೆ ಉರಿ ಬಹಳ, ಬಾಟಲಿಯ ಮೇಲೆ ಹೆಸರು ಬರೆದು ಮೇಲೆ ಇಡು.

ನಿನ್ನ ಮಾತಿಗೆ ಬಂದರೆ, ಹೆರಿಗೆಯಾದ ಮೊದಲ ದಿನಗಳಲ್ಲಿ ಸ್ರಾವ ಜಾಸ್ತಿ, ಆಸ್ಪತ್ರೆಯಲ್ಲಿ ಕೊಟ್ಟ ಪ್ಯಾಡನ್ನೇ ಬಳಸು. ಸ್ರಾವ ಇಳಿದ ಮೇಲೆ ಬಟ್ಟೆಯ ಪ್ಯಾಡು. ಅದನ್ನು ಸಂಕೋಚಪಟ್ಟು ಕತ್ತಲೆ ಮೂಲೆಯಲ್ಲಿ, ಬೇರೆ ಬಟ್ಟೆಯ ಕೆಳಗೆ ಒಣಹಾಕಿದರೆ ತೇವದಲ್ಲಿ ಸೋಂಕು ಬೆಳೆಯುತ್ತದೆ, ಬಿಸಿಲಿಗೇ ಹಾಕು. ಮುಟ್ಟಿನ ಕಪ್ ಬಳಸುವುದಾದರೆ ಆರು ವಾರದ ತಪಾಸಣೆಯಲ್ಲಿ ಡಾಕ್ಟರು ಒಪ್ಪಿದ ಮೇಲೆ. ಕುದಿಸುವಾಗ ಬೋರ್ ನೀರು ಬೇಡ, ಬಿಳಿ ಪದರ ಕಟ್ಟುತ್ತದೆ. ಹನ್ನೆರಡು ಗಂಟೆ ಮೀರಿ ಇಟ್ಟುಕೊಳ್ಳಬಾರದು.

ಆಟಿಕೆಗೆ ಅವಸರವಿಲ್ಲ. ಕಿನ್ನಾಳದ ಗೊಂಬೆ ನಮ್ಮ ಜಿಲ್ಲೆಯ ಹೆಮ್ಮೆ, ತೊಟ್ಟಿಲಿನ ಹತ್ತಿರದ ಗೂಡಿನಲ್ಲಿ ಇಡು, ಆದರೆ ಅದರ ಬಣ್ಣ ಮೇಲೆ ಬಳಿದದ್ದು, ಹಲ್ಲು ಬರುವ ಕೂಸಿನ ಬಾಯಿಗೆ ಹೋಗಬಾರದು. ಕಚ್ಚುವುದಕ್ಕೆ ಚನ್ನಪಟ್ಟಣದ ಅರಗಿನ ಗಿಲಕಿ ತರಬಹುದು, ತರಕಾರಿ ಬಣ್ಣದ್ದೇ ಎಂದು ಕೇಳಿ ಖಚಿತ ಮಾಡಿಕೊಂಡು. ಕಾರ್ಖಾನೆಯ ಆಟಿಕೆಯಾದರೆ ಐಎಸ್‌ಐ ಗುರುತು ನೋಡು, 2021ರ ಜನವರಿಯಿಂದ ಅದು ಕಡ್ಡಾಯ.

ನಿನ್ನ ಕುಬಸದ (ಸೀಮಂತದ) ಕಾರ್ಯಕ್ಕೆ ಏನು ತರಲಿ ಎಂದು ಕೇಳಿದವರಿಗೆಲ್ಲ ಒಂದೊಂದು ಹಳೆಯ ನೂಲಿನ ಸೀರೆ ತರಲು ಹೇಳು, ಹೊಸ ಬಟ್ಟೆಯ ಪೆಟ್ಟಿಗೆ ಬೇಡ. ಆರರಿಂದ ಎಂಟು ಸೀರೆಯಲ್ಲಿ ಲಂಗೋಟಿ ಅರಿವೆಗಳೆಲ್ಲ ಆಗುತ್ತವೆ, ಮಿಕ್ಕವನ್ನು ಕೌದಿಗೆ ಕೊಡೋಣ. ಈ ವಾರವೇ ಬಾಟಲಿಯಲ್ಲಿ ನೀರು ಕುಲುಕಿ ನೋಡಿ ನನಗೆ ಫೋನ್ ಮಾಡು, ಸೋಡಾದ ಅಳತೆ ಅದರ ಮೇಲೆ ಗೊತ್ತು ಮಾಡೋಣ.

ಇತಿ,
ನಿನ್ನ ದೊಡ್ಡವ್ವ